ಶಾಹಿದಾಳ ಆಲ್ಬಮ್ಮಿನಲ್ಲಿ ನಾನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವಳು. ಕಣ್ಣು ಮೋಸ ಹೋಗಿರುತ್ತದೆ, ಇಲ್ಲವೇ ಬಾಯಿಂದ ಬಾಯಿಗೆ ಮಾತು ಬೆಳೆದಿರುತ್ತದೆ ಎಂದುಕೊಳ್ಳುತ್ತಿದ್ದೆ. ಈಗ ನನ್ನದನ್ನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಶಾಹಿದಾ ಮತ್ತು ನಾನು ಸಿಂದಗಿಯ ಶಾಲೆಯೊಂದರಲ್ಲಿ ಬಹಳ ವರ್ಷ ಜೊತೆಗೆ ಕಲಿಸಿದವರು. ಆಮೇಲೆ ವರ್ಗವಾಗಿ ನಾನು ಇಂಡಿಗೆ ಬಂದೆ, ಅವಳು ಮುದ್ದೇಬಿಹಾಳಕ್ಕೆ ಹೋದಳು. ತಾಳಿಕೋಟೆಯಲ್ಲಿ ಮಗಳ ಮದುವೆ ಇಟ್ಟುಕೊಂಡಾಗ ಅವಳು ಪತ್ರಿಕೆಯನ್ನು ಮೊಬೈಲಿಗೆ ಕಳಿಸಿದಳು, ಅಷ್ಟೇ. ಮನೆತನಕ ಬಂದು ಕರೆಯಲಿಲ್ಲವಲ್ಲ ಎಂದು ನನಗೆ ಸಿಟ್ಟು. ಹೋಗಲಿಲ್ಲ. ಆ ದಿನವಿಡೀ ಮನೆಯಲ್ಲೇ ಇದ್ದೆ.

ಆಮೇಲೆ ಯಾರಿಂದಲೋ ತಿಳಿಯಿತು, ಮದುವೆಗೆ ಮುಂಚೆಯೇ ಅವಳ ಗಂಡನಿಗೆ ಲಕ್ವಾ ಹೊಡೆದಿತ್ತಂತೆ. ಕೇಳಿ ನಾಚಿಕೆಯಿಂದ ಭೂಮಿಗಿಳಿದುಹೋದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ.

ಬಾಗಿಲಲ್ಲೇ ಶಾಹಿದಾ ಕೈ ಹಿಡಿದಳು. "ಬರ್ರಿ ಅಕ್ಕಾರ. ಮದುವಿ ದಿನ ಉಣ್ಣದ ಹಂಗ ಹೋಗಿಬಿಟ್ರಿ. ಇವತ್ತ ಬಿಡಂಗಿಲ್ಲ ನೋಡ್ರಿ."

ಚುಚ್ಚಿ ಆಡುತ್ತಿದ್ದಾಳೆ ಎಂದುಕೊಂಡೆ. ಅವಳು ಆಲ್ಬಮ್ ತಂದಳು. ಮದುವೆ ಆಲ್ಬಮ್ಮು ಕೈಗೆ ಬಂದರೆ ನಮ್ಮ ಕಡೆ ಮೊದಲು ಹುಡುಕುವುದು ಯಾರು ಬಂದಿದ್ದರು, ಯಾರು ತಪ್ಪಿಸಿದರು ಎಂಬುದನ್ನೇ. ಅವಳು ಒಂದು ಪುಟ ತೆರೆದು ಬೆರಳಿಟ್ಟಳು.

ಮದುಮಗಳ ಹಿಂದೆ, ಹೆಂಗಸರ ಸಾಲಿನ ಕೊನೆಯಲ್ಲಿ ನಾನು ನಿಂತಿದ್ದೆ. ನನ್ನದೇ ಹಸಿರು ಇಳಕಲ್ ಸೀರೆ. ಹೆಬ್ಬೆರಳಿಗೆ ಬಿಳಿ ಬಟ್ಟೆಯ ಪಟ್ಟಿ. ಮದುವೆಯ ದಿನ ಬೆಳಿಗ್ಗೆ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಈಳಿಗೆ ತಾಗಿ ಹೆಬ್ಬೆರಳು ಕೊಯ್ದುಕೊಂಡಿದ್ದೆ. ಮನೆಯವರ ಹಳೆಯ ಧೋತರ ಹರಿದು ಕಟ್ಟಿಕೊಂಡಿದ್ದೆ.

"ಶಾಹಿದಾ, ನಾ ಮದುವಿಗೆ ಬಂದೇ ಇದ್ದಿಲ್ಲ," ಎಂದೆ. "ಸಿಟ್ಟ ಮಾಡಿಕೊಂಡು ಮನ್ಯಾಗ ಕುಂತಿದ್ದೆ."

"ಹಂಗ್ಯಾಕ ಅಂತೀರಿ ಅಕ್ಕಾರ?" ಅವಳ ಮುಖ ಬಾಡಿತು. "ಇವರು ದವಾಖಾನ್ಯಾಗ. ಬಂದವರೆಲ್ಲಾ ಬೀಗರ ಮಂದಿ. ನನ್ನವರು ಅಂತ ಒಬ್ರೂ ಇಲ್ಲಲ್ಲಾ ಅಂತ ಕಣ್ಣಾಗ ನೀರ ಬಂದಿದ್ದುವು. ಹೊಳ್ಳಿ ನೋಡಿದ್ರ ನೀವು ನಿಂತಿದ್ರಿ."

ಹೊರಸಿನ ಮೇಲೆ ಮಲಗಿದ್ದ ಅವಳ ಗಂಡ ತೊದಲುತ್ತ ಹೇಳಿದ, "ಅಕ್ಕಾರ ಬಂದಿದ್ರು ಅಂತ ಸಂಜೀಕ ದವಾಖಾನಿಗೆ ಬಂದು ನನಗ ಹೇಳಿದ್ಲರಿ. ಭಾಳ ಸಮಾಧಾನ ಆಗಿತ್ತು ಆಕಿಗೆ."

ಅವಳು ರೊಟ್ಟಿ, ಎಣ್ಣೆಗಾಯಿ ನೀಡಿದಳು, ಹೋಳಿಗೆಯ ಮೇಲೆ ತುಪ್ಪ ಸುರಿದಳು. ನಾನು ರೊಟ್ಟಿಯ ಚೂರನ್ನು ತಾಟಿನಲ್ಲೇ ಹೊರಳಿಸುತ್ತಿದ್ದೆ. ಸಂಕೋಚವೆಂದು ತಿಳಿದು ಅವಳು ಇನ್ನಷ್ಟು ಬಡಿಸಿದಳು.

ಮನೆಗೆ ಬಂದು ಗಂಡನನ್ನು ಕೇಳಿದೆ, ಆ ದಿನ ನಾನು ಎಲ್ಲಿದ್ದೆ ಎಂದು. "ಎಲ್ಲಿ ಹೋಗಿದ್ದಿ? ಬೆರಳಿಗೆ ಪಟ್ಟಿ ಕಟಗೊಂಡು ನೀನ ನನಗ ಉಣ್ಣಾಕ ನೀಡಿದಿ," ಎಂದರು.

ಅಲ್ಲಿ ಹೋಗಿ ನಿಂತವಳು ಯಾರೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಶಾಹಿದಾ ಆಗಾಗ ಫೋನು ಮಾಡುತ್ತಾಳೆ. ನೀವು ಬಂದಿದ್ರಿ ಎಂದು ಈಗಲೂ ನೆನೆಯುತ್ತಾಳೆ. ನಾನು ಹೂಂ ಅನ್ನುತ್ತೇನೆ.