ಕೌನ್ಸಿಲ್ ಜೊತೆ ಹೊರಟ ಸಾವಿತ್ರಿ ಆಂಟಿ

ಗೆಳೆಯರೇ, ಇವತ್ತು ಪಕ್ಕದ ಮನೆ ಸಾವಿತ್ರಿ ಆಂಟಿನ ಇಲ್ಲಿ ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ಕೌನ್ಸಿಲ್, ಅಂದ್ರೆ ಇಲ್ಲಿನ ನಗರಸಭೆಯ, ಮೀಟಿಂಗ್‌ಗೆ ಕರ್ಕೊಂಡು ಹೋಗಿದ್ದೆ. ಸ್ಟೇಟ್ ಎಂಪಿಗಳ, ಅಂದ್ರೆ ಇಲ್ಲಿನ ಶಾಸಕರ, ಮುಂದೆ ಈ ವರ್ಷ ಯಾವ ಬೇಡಿಕೆ ಇಡೋಣ ಅಂತ ಕೌನ್ಸಿಲ್‌ನವರು ಜನರನ್ನ ಕೇಳ್ತಿದ್ರು.

ಅಂಕಲ್‌ಗೆ ಮರೆವಿನ ಕಾಯಿಲೆ, ಏಜ್ಡ್ ಕೇರ್ ಅನ್ನೋ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ಆಂಟಿಗೆ ಕಣ್ಣು ಮಂಜಾಗಿ ಡ್ರೈವಿಂಗ್ ನಿಂತಿದೆ. ಭಾನುವಾರ ಆ ಕಡೆಗೆ ಬಸ್ಸಿಲ್ಲ.

"ಸೋಮವಾರ ಹೋದ್ರೆ, ನಿನ್ನೆ ಯಾಕೆ ಬರಲಿಲ್ಲ ಅಂತಾರೆ. ಅದೊಂದು ಮಾತ್ರ ಅವರಿಗೆ ನೆನಪಿರುತ್ತೆ," ಅಂತ ಆಂಟಿ ಅಲ್ಲಿದ್ದ ಕೌನ್ಸಿಲ್ ಹುಡುಗಿಗೆ ಹೇಳಿದ್ರು.

ಆ ಹುಡುಗಿ, "ಬಸ್ಸು ನಮ್ಮ ಕೈಯಲ್ಲಿಲ್ಲ, ಅದು ರಾಜ್ಯ ಸರ್ಕಾರದ್ದು. ಹೋದ ವರ್ಷವೂ ಕೇಳಿದ್ವಿ. ನೋಡೋಣ ಅಂದ್ರು," ಅಂದಳು.

"ನಿಮಗೂ ಹಾಗೇ ಹೇಳ್ತಾರಾ?" ಆಂಟಿ ಅವಳ ಕೈ ಹಿಡ್ಕೊಂಡ್ರು. "ಈ ಸಲ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗು. ಅವರೆದುರು ನಾನೇ ಹೇಳ್ತೀನಿ."

ಹುಡುಗಿ ನಿಜವಾಗಲೂ ಆಂಟಿಯ ಫೋನ್ ನಂಬರ್ ತಗೊಂಡಳು.

ವಾಪಸ್ ಬರುವಾಗ ಕಾರಲ್ಲಿ ಆಂಟಿ ಅಂದ್ರು, "ಪಾಪ, ಆ ಮಗು ಒಬ್ಬಳೇ ಎಷ್ಟು ಸಲ ಅಂತ ಕೇಳ್ತಾಳೆ? ನಾವೇ ಏನಾದ್ರೂ ಮಾಡಬೇಕು ಕಣೋ."

ಸಹಾಯ ಕೇಳೋಕೆ ಹೋದವರು, ಕೌನ್ಸಿಲ್‌ಗೇ ಸಹಾಯ ಮಾಡೋ ಜವಾಬ್ದಾರಿ ಹೊತ್ಕೊಂಡು ಬಂದಿದ್ದೀವಿ.