ಇಂಜಿನ್ ಹಿಂದಿದ್ದ ಕಾರು, ಮುಂದಿದ್ದ ಕಾರು

ತೊಂಬತ್ತರ ದಶಕದ ಕೊನೆ. ನನ್ನನ್ನು ನೋಡಲು ಹರಪನಹಳ್ಳಿಯವರು ಬರುವ ಬೆಳಿಗ್ಗೆ ಅವ್ವ ಹೇಳಿದ್ದೇ ಹೇಳಿದ್ದು: "ಹುಡುಗ ಛಲೋ ಅದಾನ. ತಲಿ ತಗ್ಗಿಸಿ ಕುಂದ್ರು, ಬಾಯಿ ಬಿಡಬ್ಯಾಡ." ಹಿಂದೆ ಬಂದವರೆಲ್ಲ ನನ್ನ ಬಾಯಿಗೇ ಹೆದರಿ ಓಡಿದ್ದರು. ಈ ಸಂಬಂಧವೂ ತಪ್ಪಿದರೆ ಅವ್ವ ಹಾಸಿಗೆ ಹಿಡಿಯುವುದೊಂದೇ ಬಾಕಿ.

ಹುಡುಗನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ನಮ್ಮಪ್ಪನದು ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜು. ಅಪ್ಪ ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಮೋಟಾರು ಪತ್ರಿಕೆ ತರುತ್ತಿದ್ದ, ನಾನು ಓದಿ ಹೇಳುತ್ತಿದ್ದೆ. ಜರ್ಮನಿಯ ಎರಡು ಹಳೇ ಟರ್ಬೊ ಕಾರುಗಳನ್ನು ಹೋಲಿಸಿದ ಲೇಖನವಂತೂ ನಮ್ಮಿಬ್ಬರಿಗೂ ಬಾಯಿಪಾಠ. ಕೆಂಪು ಕಾರಿಗೆ ಇಂಜಿನ್ ಹಿಂದೆ, ಬಿಳಿಯದಕ್ಕೆ ಮುಂದೆ. ಹೊರಗೆ ಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದೇ ಟರ್ಬೊ.

ಅವರೆಲ್ಲ ಬಂದು ಚಾಪೆಯ ಮೇಲೆ ಕೂತಾದ ಮೇಲೆ, "ಏನಾರ ಕೇಳೂದೈತೇನು?" ಎಂದು ಹುಡುಗ ನನ್ನನ್ನೇ ಕೇಳಿದ. ಇಲ್ಲವೆಂದು ತಲೆಯಾಡಿಸುವುದು ವಾಡಿಕೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! ಆ ಎರಡು ಕಾರಿನಲ್ಲಿ ಯಾವುದು ಮೇಲು ಎಂದು ಕೇಳಿಯೇಬಿಟ್ಟೆ. ಅವನೂ ಆ ಲೇಖನವನ್ನು ಎಲ್ಲೋ ಓದಿದ್ದ, ಮುಖ ಅರಳಿತು.

"ನನಗ ಕೆಂಪು ಕಾರ ಬೇಕ್ರಿ! ಎಕ್ಸಿಲೇಟರ್ ತುಳದ್ರ ಮೊದ್ಲು ಸುಮ್ನಿರತೈತಿ, ಆಮ್ಯಾಲ ಒಮ್ಮೆಲೆ ದೂಡತೈತಿ."

"ತಿರುವಿನಾಗ ಕಾಲು ತಗದ್ರ ಹಿಂದಿನ ಭಾರಕ್ಕ ಗಿರ್ರನ ತಿರುಗತೈತಲ್ರಿ? ಬಿಳೇದು ಹಂಗ ಮಾಡಂಗಿಲ್ಲ" ಎಂದೆ.

ಆಗಷ್ಟೇ ಒಳಗಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ನನ್ನ ಸೋದರಮಾವನಿಗೆ ಕೆಂಪು ಕಾರು ಬೇಕು ಅಂದದ್ದಷ್ಟೇ ಕೇಳಿಸಿತ್ತು. "ಏನ್ರೀ, ವರದಕ್ಷಿಣಿಗೆ ಕಾರು ಕೇಳತೀರಾ? ಅದೂ ಬಣ್ಣ ಆರಿಸಿ?" ಎಂದು ಎಗರಾಡಿದ.

ಹುಡುಗನ ಕಾಕಾ ಉರಿದುಬಿದ್ದರು. ವಿಷಯ ತಿಳಿದ ಮೇಲೆ ಆ ಸಿಟ್ಟು ನನ್ನ ಕಡೆ ತಿರುಗಿತು. "ಹೆಣ್ಣುಮಕ್ಕಳಿಗೆ ಇಂಜಿನ್ ಉಸಾಬರಿ ಯಾಕ? ಏಳ್ರಿ, ಹೋಗೋಣು."

ಅವ್ವನ ಮುಖ ನನ್ನಿಂದ ನೋಡಲಾಗಲಿಲ್ಲ. ಅಪ್ಪ ಮಾತ್ರ ತಣ್ಣಗೆ ಹೇಳಿದ: "ನಾನ ಕಲಿಸೀನ್ರಿ. ಆಕಿ ಬಾಯಿ ಮುಚ್ಚಿಸಿ ಮದುವಿ ಮಾಡೂದಾದ್ರ ಈ ಸಂಬಂಧ ನಮಗ ಬ್ಯಾಡ." ಅಪ್ಪಾ, ಆ ಒಂದು ಮಾತಿನ ಋಣ ಯಾವ ಜನ್ಮಕ್ಕೂ ತೀರದು.

ಬಂದವರೆಲ್ಲ ಎದ್ದು ಚಪ್ಪಲಿ ಮೆಟ್ಟಿದರು. ಹುಡುಗ ಚಾಪೆ ಬಿಟ್ಟು ಏಳಲಿಲ್ಲ.

"ಏಳಲೇ" ಎಂದು ಕಾಕಾ ಗದರಿದರು.

"ಕುಂದ್ರು ಕಾಕಾ, ಉಪ್ಪಿಟ್ಟು ಆರತೈತಿ. ತಿರುವಿನ ಮಾತು ಆಕಿ ಹೇಳಿದ್ದ ಖರೆ, ನಾ ಸೋತೆ. ನನಗಂತೂ ಆಕಿ ಒಪ್ಪಿಗಿ. ಆಕಿಗೆ ನಾ ಒಪ್ಪಿಗಿ ಅದೀನೇನು, ಅದನ್ನ ಮೊದ್ಲು ಕೇಳ್ರಿ."

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಅಪ್ಪ ಕೂಡ.