ಇಲಿ ಹೊಕ್ಕ ಮದುವೆ ಕಾರು

ಆ ಬೀದಿಯವರೆಲ್ಲ ಅವಳನ್ನು ಕಾರಕ್ಕ ಅಂತಲೇ ಕರೆಯುತ್ತಿದ್ದರು. ನಾಲಿಗೆಯ ಚುರುಕು ಕಂಡವರು ಅದನ್ನೇ ಸ್ವಲ್ಪ ಒತ್ತಿ ಖಾರಕ್ಕ ಮಾಡಿಕೊಂಡಿದ್ದರು. ಅದೂ ಅವಳ ಕಿವಿಗೆ ಬಿದ್ದಿತ್ತು. ಕೇಳಿಯೂ ಕೇಳಿಸದವಳಂತೆ ಇರುತ್ತಿದ್ದಳು.

ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದವನು. ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋದಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅಮ್ಮ ಮೊದಲೇ ಹೋಗಿದ್ದಳು. ಮನೆಯಲ್ಲಿ ಉಳಿದದ್ದು ಹಾಸಿಗೆ ಹಿಡಿದ ಅಪ್ಪ, ಶಾಲೆಗೆ ಹೋಗುವ ತಮ್ಮ, ಅಂಗಳದಲ್ಲಿ ಸುಮ್ಮನೆ ನಿಂತ ಕಾರು. ದುಂಡು ಬೆನ್ನಿನ, ಗುಂಡು ದೀಪಗಳ, ಕಪ್ಪು ಬಣ್ಣದ ದೊಡ್ಡ ಕಾರು. ಆ ಕಾಲಕ್ಕೇ ಅದು ಹಳೆಯದು. ಅವಳು ಕೀಲಿ ಕೈಗೆ ತೆಗೆದುಕೊಂಡಳು. ಹೆಂಗಸು ಓಡಿಸುವ ಗಾಡಿ ಅಂತ ಹತ್ತಲು ಹಿಂದೆಮುಂದೆ ನೋಡಿದವರೇ ಆಮೇಲಾಮೇಲೆ, ಮದುವಣಗಿತ್ತಿಯನ್ನು ಕರೆದೊಯ್ಯಲು ಹೆಂಗಸಾದರೇ ವಾಸಿ ಅಂತ ಹುಡುಕಿಕೊಂಡು ಬರತೊಡಗಿದರು. ಹಾಗೆ ಅದು ಮದುವೆ ಕಾರಾಯಿತು. ಹಿಂದಿನ ಸೀಟಿನಲ್ಲಿ ಅತ್ತವರು, ನಕ್ಕವರು, "ಅಕ್ಕಾ, ಸ್ವಲ್ಪ ನಿಧಾನಕ್ಕೆ ಹೋಗಿ, ಇನ್ನೊಂದು ಸುತ್ತು ಹಾಕಿ" ಅಂತ ಗೋಗರೆದವರು, ಎಲ್ಲರನ್ನೂ ಅವಳು ಹೊತ್ತಿಗೆ ಸರಿಯಾಗಿ ತಲುಪಿಸಿದಳು.

"ಊರಿನ ಹುಡುಗೀರನ್ನೆಲ್ಲ ದಡ ಮುಟ್ಟಿಸಿದೆ, ನೀನು ಮಾತ್ರ ಮುಂದಿನ ಸೀಟಲ್ಲೇ ಉಳಿದೆಯಲ್ಲಮ್ಮ" ಅಂತ ಹಿಟ್ಟಿನ ಗಿರಣಿಯವನು ಕಿಚಾಯಿಸಿದರೆ, "ನಾನು ಹಿಂದೆ ಕೂತ್ರೆ ಗಾಡಿ ಯಾರು, ನಿಮ್ಮಪ್ಪ ಓಡಿಸ್ತಾರಾ?" ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು, ಅವನಿಗಿಂತ ಸ್ವಲ್ಪ ಮೊದಲೇ ನಿಲ್ಲಿಸುತ್ತಿದ್ದಳು.

ಅಪ್ಪ ತೀರಿಕೊಂಡ. ತಮ್ಮ ಓದಿದ, ಕೆಲಸ ಹಿಡಿದ, ಮದುವೆಯಾದ, ಒಬ್ಬಳು ಮಗಳನ್ನು ಕಂಡ. ಮದುವೆಗಳಿಗೆ ಬೆಳ್ಳಗಿನ, ಉದ್ದನೆಯ ಹೊಸ ಕಾರುಗಳು ಬರತೊಡಗಿದವು. ಕೊನೆಗೆ ಅವಳು ಒಂದು ಶಾಲೆಯ ವ್ಯಾನಿಗೆ ಡ್ರೈವರಾಗಿ ಸೇರಿ, ಕಪ್ಪು ಕಾರನ್ನು ಗಿರಣಿಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿದಳು. ಮೊದಮೊದಲು ಭಾನುವಾರ ಬಂದು ಎಂಜಿನ್ನು ಶುರು ಮಾಡಿ ಹೋಗುತ್ತಿದ್ದಳು. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಮಂಡಿನೋವು ಶುರುವಾಯಿತು, ನಾಳೆ ಹೋದರಾಯಿತು ಅನ್ನುತ್ತಲೇ ವರ್ಷಗಳು ಉರುಳಿದವು. ಗಾಡಿಗೆ ನೆರಳಾಯಿತಲ್ಲ ಅಂತ ಸಮಾಧಾನ. ಗೋಡೆಯಾಚೆಗೇ ಹಿಟ್ಟಿನ ಮೂಟೆಗಳಿವೆ, ಅವನ್ನು ಹುಡುಕಿಕೊಂಡು ಬರುವವರೂ ಇರುತ್ತಾರೆ ಅನ್ನುವುದು ಹೊಳೆಯಲೇ ಇಲ್ಲ.

ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗಿ ನೇರ ಸೋದರತ್ತೆಯ ಮನೆಗೆ ಬಂದಳು.

"ಅತ್ತೆ, ನಾನು ನಿನ್ನ ಕಾರಲ್ಲೇ ಹೋಗೋದು. ಬೇರೆ ಯಾವುದಕ್ಕೂ ಹತ್ತಲ್ಲ."

"ಆ ಮುದಿ ಗಾಡಿಲಾ?"

"ಓಡಿಸೋಳೂ ಮುದುಕಿನೇ ತಾನೆ. ಸರಿಹೋಗುತ್ತೆ ಬಿಡು."

ಆ ವಾರವೇ ಶೆಡ್ಡಿನ ಬೀಗ ತೆಗೆದಳು. ಟಾರ್ಪಾಲು ಎಳೆದಾಗ ಕಾರಿನ ಮೈ ಚೆನ್ನಾಗಿಯೇ ಇತ್ತು. ಧೂಳು ಬಿಟ್ಟರೆ ಒಂದು ಗೀರೂ ಇಲ್ಲ. ಬಾಗಿಲು ತೆಗೆದದ್ದೇ ತಡ, ಒಳಗಿನಿಂದ ಕಮಟು ನಾತ ಮುಖಕ್ಕೆ ಹೊಡೆಯಿತು. ಚಾವಣಿಯ ಬಟ್ಟೆ ಚಿಂದಿಚಿಂದಿಯಾಗಿ ಜೋತುಬಿದ್ದಿತ್ತು. ಹಿಂದಿನ ಸೀಟಿನ ನಡುವೆ ಕೈ ತೂರುವಷ್ಟು ತೂತು. ಒಳಗಿನ ನಾರನ್ನು ಕಿತ್ತು, ಅದಕ್ಕೆ ಕಾಗದದ ಚೂರು, ಹಿಟ್ಟಿನ ಚೀಲದ ದಾರ ಸೇರಿಸಿ ಇಲಿಗಳು ಸಂಸಾರ ಹೂಡಿದ್ದವು. ಎಲ್ಲೆಲ್ಲೂ ಹಿಕ್ಕೆ. ಬಾನೆಟ್ ಎತ್ತಿದರೆ ವೈರುಗಳು ಬರೀ ತಾಮ್ರ. ಬೀದಿಯಲ್ಲಿ ಯಾರಿಗೂ ಬಗ್ಗದ ಹೆಂಗಸು ಮಡ್‌ಗಾರ್ಡಿಗೆ ಒರಗಿ ನಿಂತುಬಿಟ್ಟಳು. ಯಾರನ್ನು ಅಂತ ಬೈಯುವುದು?

ಶಾಲೆಯ ಮಕ್ಕಳನ್ನು ಮನೆಗೆ ಬಿಟ್ಟಮೇಲೆ ದಿನವೂ ಸಂಜೆ ಅಲ್ಲಿಗೆ ಬಂದಳು. ಮೂಗಿಗೆ ಬಟ್ಟೆ, ಕೈಗೆ ರಬ್ಬರ್ ಗ್ಲೌಸು. ಒಣ ಹಿಕ್ಕೆ ಗುಡಿಸಿದರೆ ಧೂಳು ಎದೆಗೆ ಹೋಗುತ್ತದೆ ಅಂತ ಮೊದಲು ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಹಳೆ ಬಟ್ಟೆಯಲ್ಲಿ ಒರೆಸಿ ಒರೆಸಿ ಚೀಲಕ್ಕೆ ತುಂಬಿದಳು. ಸೀಟು ಬಿಚ್ಚಿ ಹೊರಗೆಳೆದಾಗ ಗೂಡಿನಲ್ಲಿ ಕಣ್ಣು ಬಿಡದ ಕೆಂಪು ಮರಿಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಅವನ್ನು ಏನು ಮಾಡಿದಳೋ ಯಾರಿಗೂ ಹೇಳಲಿಲ್ಲ. ಅವತ್ತು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಚಾವಣಿಗೆ ಹೊಸ ಬಟ್ಟೆ ಬಂತು, ಸೀಟಿಗೆ ಹೊಸ ಫೋಮು. ವೈರಿಂಗ್ ಮಾಡುವವನು ಬಂದು ಎಲ್ಲ ಹೊಸದಾಗಿ ಎಳೆದುಕೊಟ್ಟ. ಎಂಜಿನ್ನು ಕೆಮ್ಮಿ ಕೆಮ್ಮಿ ಕೊನೆಗೆ ಹಿಡಿದುಕೊಂಡಿತು. ಬೋನಿಗೆ ಎರಡು ಇಲಿ ಬಿದ್ದವು. ಮೂರನೆಯದು ಬೀಳಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಪರಪರ ಸದ್ದು, ಅವಳು ಕೈಯಿಂದ ಬಡಿದರೆ ನಿಶ್ಶಬ್ದ, ಬೆನ್ನು ತಿರುಗಿಸಿದರೆ ಮತ್ತೆ ಪರಪರ.

"ವಿಷ ಮಾತ್ರ ಇಡಬೇಡಿ ಅಕ್ಕ," ವೈರಿಂಗಿನವನು ಹೇಳಿದ್ದ. "ಒಳಗೇ ಎಲ್ಲಾದ್ರೂ ಸತ್ತರೆ ಕಷ್ಟ."

ಅದು ಅವಳಿಗೂ ಗೊತ್ತಿದ್ದದ್ದೇ. ಆದರೆ ಮದುವೆ ಹತ್ತಿರ ಬಂದಿತ್ತು. ಹೊಸ ವೈರು ಕಡಿದು ದಾರಿ ಮಧ್ಯೆ ಗಾಡಿ ನಿಂತುಬಿಟ್ಟರೆ ಅನ್ನುವ ಭಯ ಅವಳ ನಿದ್ದೆ ತಿನ್ನುತ್ತಿತ್ತು. ವಿಷದ ಬಿಲ್ಲೆ ತಂದು ಪೆಡಲಿನ ಹತ್ತಿರ ಇಟ್ಟಳು. ಎರಡು ದಿನದಲ್ಲಿ ಸದ್ದು ನಿಂತಿತು. ಹೊರಗೆ ಹೋಗಿ ಸತ್ತಿರಬೇಕು ಅಂತ ನಿಟ್ಟುಸಿರು ಬಿಟ್ಟಳು.

ಆಮೇಲೆ ವಾಸನೆ ಶುರುವಾಯಿತು. ವೈರಿಂಗಿನವನು ಬಂದು, ಗಾಳಿ ಬರುವ ಕಿಂಡಿಗೆ ಮೂಗು ಒಡ್ಡಿ ಮುಖ ಕಿವುಚಿದ. "ಗಾಳಿ ಡಬ್ಬದೊಳಗೆ ಹೋಗಿ ಸತ್ತಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಈಗ ಬಿಚ್ಚಿದ್ರೆ ಮದುವೆ ಹೊತ್ತಿಗೆ ಜೋಡಿಸೋಕಾಗಲ್ಲ." ವಿಷದ ಮಾತು ಅವನು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದಳು.

ಕಿಂಡಿಗಳಿಗೆ ಬಟ್ಟೆ ತುರುಕಿ ಟೇಪು ಅಂಟಿಸಿದಳು. ಇದ್ದಿಲು ಇಟ್ಟಳು, ಅಡಿಗೆ ಸೋಡಾ ಚೆಲ್ಲಿದಳು, ಬಾಗಿಲು ತೆರೆದಿಟ್ಟು ಕಾದಳು. ದಿನವೂ ಅದರಲ್ಲೇ ಇದ್ದು ಇದ್ದು ಅವಳ ಮೂಗು ಮಂಕಾಗಿತ್ತು. ತಮ್ಮನನ್ನು ಕರೆದು ಒಳಗೆ ಕೂರಿಸಿದಳು.

"ನಿಜ ಹೇಳೋ. ವಾಸನೆ ಬರುತ್ತಾ?"

ತಮ್ಮ ಕಿಟಕಿಯಾಚೆ ನೋಡಿದ. ಆ ಕಾರಿನ ದುಡಿಮೆಯಲ್ಲೇ ಓದಿದವನು ಅವನು. "ಇಲ್ಲ ಬಿಡಕ್ಕ. ಪರವಾಗಿಲ್ಲ," ಅಂದ.

ಮದುವೆಯ ಬೆಳಗ್ಗೆ ತಂಪಿತ್ತು. ಕಾರು ಫಳಫಳ ಹೊಳೆಯುತ್ತಿತ್ತು. ಹುಡುಗಿ ಹತ್ತಿ ಕೂತು, ಮುಂದಕ್ಕೆ ಬಾಗಿ ಅತ್ತೆಯ ಹೆಗಲು ಹಿಂಡಿದಳು. ಪಕ್ಕದಲ್ಲಿ ಅವಳ ತಾಯಿ. ತಮ್ಮ ಉಳಿದವರನ್ನು ತುಂಬಿಕೊಂಡು ಬಾಡಿಗೆ ವ್ಯಾನಿನಲ್ಲಿ ಹಿಂದೆ ಹೊರಟ. ಪೇಟೆ ದಾಟುವ ತನಕ ಎಲ್ಲ ಸರಿಯಿತ್ತು. ಆಮೇಲೆ ಬಿಸಿಲು ಏರಿತು, ಎಂಜಿನ್ನಿನ ಕಾವು ಒಳಗೆ ನುಗ್ಗಿತು. ಹಿಂದಿನ ಮಾತುಕತೆ ನಿಂತದ್ದು ಅವಳಿಗೆ ಮೊದಲು ತಿಳಿಯಿತು. ಕನ್ನಡಿಯಲ್ಲಿ ನೋಡಿದರೆ, ತಮ್ಮನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಹುಡುಗಿ ಮಾತ್ರ ನಗುಮುಖ ಮಾಡಿಕೊಂಡೇ ಉಸಿರು ಬಿಗಿಹಿಡಿದು ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ಅತ್ತೆ, ಗ್ಲಾಸ್ ಸ್ವಲ್ಪ ಇಳಿಸ್ಲಾ? ಸೆಖೆ."

ಕಾರಕ್ಕ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಇಳಿದು ಹಿಂದಿನ ವ್ಯಾನಿಗೆ ಕೈ ಅಡ್ಡ ಹಿಡಿದಳು.

"ಇಳಿಯಮ್ಮ. ಅಪ್ಪನ ವ್ಯಾನಿಗೆ ಹತ್ತು."

"ಯಾಕತ್ತೆ? ನಂಗೇನೂ ಆಗಿಲ್ಲ. ಇನ್ನೇನು ಬಂದೇಬಿಡ್ತು."

"ಇಳಿ ಅಂದೆ."

ಆ ದನಿಗೆ ಹುಡುಗಿ ಇಳಿದಳು. ವ್ಯಾನಿನಲ್ಲಿದ್ದವರು ಒತ್ತರಿಸಿ ಜಾಗ ಮಾಡಿದರು. ತಮ್ಮನ ಹೆಂಡತಿ "ಅತ್ತಿಗೆ..." ಅಂತ ಏನೋ ಹೇಳಹೊರಟವಳು ತಾನೂ ಹತ್ತಿದಳು. ತಮ್ಮ ಅಕ್ಕನ ಮುಖ ನೋಡಲಾರದೆ ಸ್ಟೇರಿಂಗ್ ನೋಡುತ್ತಿದ್ದ. ವ್ಯಾನು ಹೋಯಿತು.

ಅವಳು ಕಾರನ್ನು ತಿರುಗಿಸಿ ಶೆಡ್ಡಿಗೆ ಬಿಟ್ಟು, ಮನೆಗೆ ಹೋಗಿ ಮೈ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಆಟೋದಲ್ಲಿ ಮದುವೆ ಹಾಲ್ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಸಾಲಿನಲ್ಲಿ ಊಟಕ್ಕೆ ಕೂತಳು. ತಮ್ಮನೇ ಬಂದು ಬಡಿಸಿದ. ಬೇಡ ಅಂದರೂ ಬಡಿಸುತ್ತಲೇ ಇದ್ದ.

ಸ್ವಲ್ಪ ದಿನಕ್ಕೆ ವೈರಿಂಗಿನವನೂ ಅವಳೂ ಸೇರಿ ಡ್ಯಾಶ್‌ಬೋರ್ಡ್ ಬಿಚ್ಚಿದರು. ತಗಡಿನ ಡಬ್ಬದ ಮೂಲೆಯಲ್ಲಿ ಅದು ಒಣಗಿ ಅಂಟಿಕೊಂಡಿತ್ತು. ಹೆಬ್ಬೆರಳಿಗಿಂತ ಚೂರು ದೊಡ್ಡದು, ಅಷ್ಟೆ. ಮರಿಗಳ ತಾಯಿಯೇ ಇರಬೇಕು ಅನ್ನಿಸಿತು ಅವಳಿಗೆ.

ಹಳೆ ಕಾರುಗಳನ್ನು ಸಂಗ್ರಹಿಸುವ ಒಬ್ಬಾತ ಬಂದ. ಅವನು ಹೇಳಿದ ರೇಟಿಗೆ ಅವಳು ಚೌಕಾಸಿಯಿಲ್ಲದೆ ಒಪ್ಪಿದ್ದು ನೋಡಿ ಅವನೇ ಗಾಬರಿಯಾದ. ಕಾರನ್ನು ಲಾರಿಗೆ ಏರಿಸುವಾಗ ಹುಡುಗಿ ಗಂಡನ ಮನೆಯಿಂದ ಬಂದಿದ್ದಳು. ಇಬ್ಬರೂ ಗಿರಣಿಯ ಗೋಡೆಗೆ ಒರಗಿ ನಿಂತಿದ್ದರು.

"ಅವತ್ತು ನೀನು ಇಳಿಸಿದ್ದು ನಂಗೆ ತುಂಬ ಬೇಜಾರಾಯ್ತು ಅತ್ತೆ," ಅಂದಳು ಹುಡುಗಿ. "ನಾನು ಸಹಿಸ್ಕೊಳ್ತಿದ್ದೆ."

"ಗೊತ್ತು. ಅದಕ್ಕೇ ಇಳಿಸಿದ್ದು. ಮದುವೆ ಆದಮೇಲೆ ಸಹಿಸ್ಕೊಳ್ಳೋಕೆ ಬೇಕಾದಷ್ಟಿರುತ್ತೆ. ಹೋಗೋ ದಾರಿಲೇ ಶುರು ಮಾಡೋದು ಬೇಡ ಅಂತ."

ಹುಡುಗಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕಾರಕ್ಕ ನಗಲಿಲ್ಲ. ಲಾರಿಯವನು ಹಗ್ಗ ಬಿಗಿಯುತ್ತಿದ್ದ. ಅವಳು ಹತ್ತಿರ ಹೋಗಿ, ಬಂಪರಿಗೆ ಕಟ್ಟಬೇಡ, ಕೆಳಗೆ ಅಚ್ಚಿಗೆ ಕಟ್ಟು ಅಂತ ಹೇಳಿ, ಅವನು ಮತ್ತೆ ಬಿಚ್ಚಿ ಕಟ್ಟುವ ತನಕ ಅಲ್ಲೇ ನಿಂತಳು. ಲಾರಿ ಹೊರಟಮೇಲೆ ಖಾಲಿ ಶೆಡ್ಡಿನ ನೆಲಕ್ಕೆ ಎರಡು ಬಕೆಟ್ ನೀರು ಸುರಿದು, ತೊಳೆದು, ಬೀಗದ ಕೈಯನ್ನು ಗಿರಣಿಯವನ ಮೇಜಿನ ಮೇಲಿಟ್ಟು, ಶಾಲೆಯ ಮಕ್ಕಳನ್ನು ಕರೆತರುವ ಹೊತ್ತಾಯಿತು ಅಂತ ಹೊರಟಳು. ಗಿರಣಿಯವನು ಏನೂ ಕಿಚಾಯಿಸಲಿಲ್ಲ.